ಕ್ಲಿನಿಕ್ ಮುಚ್ಚಬೇಡಿ, ಡಾಕ್ಟರಮ್ಮ

ಡೊಂಬಿವಲಿಯ ಡಾಕ್ಟರೊಬ್ಬರ ಪತ್ರ ಓದಿ ಸಿಟ್ಟು ಬಂತು. ಅವರ ಮೇಲಲ್ಲ, ಅವರ ಭಾವನ ಮೇಲೆ.

ವಿಷಯ ಇಷ್ಟು. ಎಂಡಿ ಆದ ಮೇಲೆ 3 ವರ್ಷ ಡಿಎಂ ಓದಿ ಕಿಡ್ನಿ ತಜ್ಞೆಯಾದವರು. ಹಗಲು ಮುಂಬೈಯ ಆಸ್ಪತ್ರೆಯಲ್ಲಿ ಓಪಿಡಿ, ಡಯಾಲಿಸಿಸ್. ಸಂಜೆ ಲೋಕಲ್ ಇಳಿದು ನೇರ ಮಾವನವರ ಹಳೇ ಕ್ಲಿನಿಕ್ಕಿಗೆ. ಅಲ್ಲಿ ಜ್ವರ, ಕೆಮ್ಮು, ಹೊಟ್ಟೆನೋವು. ರಾತ್ರಿ ಕೂತು ಸೀನಿಯರ್ ಒಬ್ಬರ ಸಂಶೋಧನೆಗೆ ಡೇಟಾ ತುಂಬುತ್ತಾರೆ. "ಇಷ್ಟು ಓದಿ ನೆಗಡಿಗೆ ಮಾತ್ರೆ ಕೊಡೋದಾ? ಆ ಜಾಗ ಬಾಡಿಗೆಗೆ ಕೊಡಿ" ಎಂದು ಊಟಕ್ಕೆ ಕೂತಾಗಲೆಲ್ಲ ಭಾವ ಶುರು ಮಾಡುತ್ತಾರೆ. ಗಂಡ ಸುಮ್ನೆ ಅನ್ನ ಕಲಸುತ್ತಾರೆ. ಮೂರರಲ್ಲಿ ಯಾವುದನ್ನು ಬಿಡಲಿ ಎಂಬುದು ಪ್ರಶ್ನೆ.

ಡಾಕ್ಟರಮ್ಮ, ಪತ್ರದ ಕೊನೆಗೆ ಒಂದು ಮಾತು ಹೇಳಿ ದಾಟಿಬಿಟ್ಟಿದ್ದೀರಿ. ಹೋಟೆಲ್ ಕೆಲಸದ ಹುಡುಗನೊಬ್ಬ ಬೆನ್ನುನೋವಿಗೆ ಮಾತ್ರೆ ಕೇಳಿಕೊಂಡು ಬಂದ. ನೀವು ಬಿಪಿ ನೋಡಿದಿರಿ, ಜಾಸ್ತಿ ಇತ್ತು. ಮೂತ್ರ ಪರೀಕ್ಷೆ ಮಾಡಿಸಿದಿರಿ, ಪ್ರೋಟೀನ್ ಹೋಗುತ್ತಿತ್ತು, ಅಂದರೆ ಕಿಡ್ನಿ ಕೆಡುತ್ತಿರಬಹುದೆಂಬ ಸುಳಿವು. ಇಂಥವರ ಬಿಪಿ, ಶುಗರ್, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೀರಂತೆ, ಸುಮ್ನೆ ಅಭ್ಯಾಸಕ್ಕೆ.

ನಿಮ್ಮ ಮೂರೂ ಕೆಲಸ ಕೂಡಿಕೊಂಡಿರುವುದು ಆ ನೋಟ್‌ಬುಕ್ಕಿನಲ್ಲೇ ಅಲ್ವಾ? ಕಿಡ್ನಿ ಕೆಡುವಾಗ ಹೆಚ್ಚಾಗಿ ನೋವಿರುವುದಿಲ್ಲ. ಅರ್ಧದಷ್ಟು ಶಕ್ತಿ ಹೋದರೂ ಎಷ್ಟೋ ಜನರ ಕ್ರಿಯಾಟಿನಿನ್ ನಾರ್ಮಲ್ ಅಂತಲೇ ಬರುತ್ತದೆ. ಸಕ್ಕರೆ ಕಾಯಿಲೆಯವರು, ಬಿಪಿಯವರು, ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರು ನಿಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಕಾಲು ಊದಿಕೊಂಡು, ವಾಂತಿ ಶುರುವಾದ ಮೇಲೆ. ಆಮೇಲೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಡಯಾಲಿಸಿಸ್. ಹೋಟೆಲ್ ಹುಡುಗನಿಗೆ ಯಾವ ಮಾಲೀಕ ಅಷ್ಟು ರಜೆ ಕೊಡುತ್ತಾನೆ? ಅದಕ್ಕೂ ಎಷ್ಟೋ ವರ್ಷ ಮೊದಲೇ ಅವನು ನೆಗಡಿಗೋ ಬೆನ್ನುನೋವಿಗೋ ಎಂದು ನಿಮ್ಮ ಮುಂದೆ ಕೂತಿರುತ್ತಾನೆ. ಹಿಡಿಯಬೇಕಾದದ್ದು ಆಗಲೇ.

ನಿಮ್ಮ ದಣಿವು ಸುಳ್ಳಲ್ಲ. ಬಿಡಲೇಬೇಕು ಅಂದರೆ ಆ ಸೀನಿಯರ್ ಕೆಲಸ ಬಿಡಿ. ನಿಮ್ಮ ನಿದ್ದೆ ತಿಂದು ಅವರ ಪೇಪರ್ ಬೆಳೆಯುವುದು ಬೇಡ. ನಿಮ್ಮ ನೋಟ್‌ಬುಕ್ ಹಿಡಿದು ರೋಗಿಗಳ ಮೇಲಿನ ಸಂಶೋಧನೆಗೆ ಒಪ್ಪಿಗೆ ಕೊಡುವ ಆಸ್ಪತ್ರೆಯ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿ. ಅವರ ಒಪ್ಪಿಗೆ, ರೋಗಿಗಳ ಒಪ್ಪಿಗೆ ಎರಡೂ ಸಿಕ್ಕರೆ ನಿಮ್ಮದೇ ಸಂಶೋಧನೆ ಆಯಿತು.

ಇನ್ನು ಭಾವ. ಹೆಣ್ಣುಮಕ್ಕಳ ದುಡಿಮೆಗೆ ಊಟದ ತಟ್ಟೆ ಮುಂದೆ ಬೆಲೆ ಕಟ್ಟಬಾರದು ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ಬಾಡಿಗೆಯ ಆಸೆಗೆ ಅವರು ಮಾವನವರ ಹೆಸರನ್ನೇ ಅಳಿಸಲು ಹೊರಟಿದ್ದಾರೆ. ಅವರಿಗೆ ಉತ್ತರ ಕೊಡಬೇಕಾದವರು ನಿಮ್ಮ ಗಂಡ. ಇದನ್ನು ಗಂಡನಿಗೆ ಓದಲು ಕೊಡಿ, ಇವತ್ತೇ, ಊಟಕ್ಕೆ ಕೂರುವ ಮೊದಲು.