ಹಳೆಯ ಯೆಜ್ಡಿ ಬೈಕಿಗೆ ಹೊಸ ಕಾರ್ಬುರೇಟರ್ ಹಾಕಿಸಬೇಕೇ?

ಬೇಡ. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರನ್ನು ಎಷ್ಟು ಸಲ ತೊಳೆಸಿದರೂ ಸರಿಹೋಗುತ್ತಿಲ್ಲ ಎಂದಿದ್ದೀರಿ. ನನ್ನ ಯೆಜ್ಡಿ 250 ಕೂಡ ಹೀಗೆಯೇ ಕಾಡಿತ್ತು.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಅಷ್ಟನ್ನು ಸರಿಯಾಗಿಯೇ ಓದಿದ್ದೆ. ಗಾಳಿ ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಬದಲು ಪೆಟ್ರೋಲ್ ಹೆಚ್ಚಿಸಲು ಕಾರ್ಬುರೇಟರಿಗೆ ದೊಡ್ಡ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಲ್ಲೆ) ಹಾಕಿಸಿದೆ. ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಓಡಿಸಿ, ನಿಲ್ಲಿಸಿ ನೋಡಿದರೆ ಪ್ಲಗ್ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣವನ್ನು ನಂಬಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದೆ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಮೇನ್ ಜೆಟ್‌ನ ಆಟ ನಡೆಯುವುದು ಆಕ್ಸಿಲರೇಟರನ್ನು ಮುಕ್ಕಾಲಿಗಿಂತ ಹೆಚ್ಚು ತಿರುಗಿಸಿದಾಗ. ಮುಚ್ಚಿದಾಗ ಕೆಲಸ ಮಾಡುವುದು ಪುಟ್ಟ ಪೈಲಟ್ ಜೆಟ್. ಹೊರಗಾಳಿ ಒಳನುಸುಳುವ ಸಂದಿಯಾದರೋ ಎರಡೂ ಹೊತ್ತಿನಲ್ಲಿ ಅಷ್ಟೇ ಅಗಲ. ಪೂರ್ತಿ ತೆರೆದಾಗ ಒಳಹೋಗುವ ಗಾಳಿಯ ರಾಶಿಯಲ್ಲಿ ಆ ಕಳ್ಳಗಾಳಿ ಲೆಕ್ಕಕ್ಕಿಲ್ಲ. ಮುಚ್ಚಿದಾಗ ಅದರದೇ ದರ್ಬಾರು. ನಾನು ಪರೀಕ್ಷಿಸಿದ್ದು ರೋಗ ಕಾಣದ ಜಾಗದಲ್ಲಿ, ಔಷಧ ಕೊಟ್ಟದ್ದೂ ಅಲ್ಲಿಗೇ. ಅದರ ಮೇಲೆ ನಮ್ಮದು ಪೆಟ್ರೋಲ್‌ಗೇ ಆಯಿಲ್ ಬೆರೆಸುವ ಟೂ-ಸ್ಟ್ರೋಕ್. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಜಾರು ಇಳಿದರೆ ಇಂಜಿನ್ ವೇಗವಾಗಿ ತಿರುಗುತ್ತದೆ, ಪೆಟ್ರೋಲ್ ಜೊತೆಗೆ ಬರಬೇಕಾದ ಆಯಿಲ್ ಮಾತ್ರ ಹನಿಯಷ್ಟೇ ಬರುತ್ತದೆ. ಒಂದು ತಿರುವಿನಲ್ಲಿ ಪಿಸ್ಟನ್ ಸೀಜ್ ಆಗಿ, ಅಂದರೆ ಸಿಲಿಂಡರಿನಲ್ಲೇ ಸಿಕ್ಕಿಕೊಂಡು, ಹಿಂಚಕ್ರ ಕಚ್ಚಿಕೊಂಡಿತು. ಕೈ ತಾನಾಗಿ ಕ್ಲಚ್ ಹಿಡಿಯಿತು, ಹಾಗಾಗಿ ಬೀಳಲಿಲ್ಲ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವ ಖರ್ಚು ಮಾತ್ರ ತಪ್ಪಲಿಲ್ಲ.

ಸಿಲಿಂಡರ್ ಬಿಚ್ಚಿದ ಮೇಲೆ ಸಿಕ್ಕಿದ್ದು ಡೈನಮೋ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್, ಅಂದರೆ ಕ್ರ್ಯಾಂಕ್ ದಂಡದ ಸುತ್ತ ಗಾಳಿ ನುಸುಳದಂತೆ ತಡೆಯುವ ರಬ್ಬರ್ ಬಳೆ. ರಬ್ಬರ್ ಕಲ್ಲಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೇ 1996ರಲ್ಲಿ. ಅಲ್ಲಿಂದ ಬಂದ ಗಾಡಿಯಲ್ಲಿ ಮೂಲ ಸೀಲ್ ಇನ್ನೂ ಇದ್ದರೆ ಅದರ ವಯಸ್ಸನ್ನು ನೀವೇ ಎಣಿಸಿಕೊಳ್ಳಿ. ಟೂ-ಸ್ಟ್ರೋಕ್‌ನಲ್ಲಿ ಮಿಶ್ರಣ ಮೊದಲು ಹೋಗುವುದು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ. ಸೀಲ್ ಸೋರಿದರೆ ಹೊರಗಾಳಿ ಅಲ್ಲಿಗೇ ನುಗ್ಗಿ ಮಿಶ್ರಣ ಕೆಡಿಸುತ್ತದೆ. ಹಾಗಾಗಿ ಈ ಸೀಲ್ ಕೂಡ ಕಾರ್ಬುರೇಟರಿನದೇ ಭಾಗ ಎಂದು ತಿಳಿಯಿರಿ. ಇದನ್ನು ಒಪ್ಪದ ಮೆಕ್ಯಾನಿಕ್ ಕೈಗೆ ಗಾಡಿ ಕೊಡಬೇಡಿ.

ನೀವು ಮಾಡಬೇಕಾದದ್ದು ಗಾಳಿಯ ಪರೀಕ್ಷೆ. ಕಾರ್ಬುರೇಟರ್ ತೆಗೆದು ಆ ಬಾಯಿಯನ್ನೂ ಎರಡೂ ಸೈಲೆನ್ಸರ್ ಬಾಯಿಗಳನ್ನೂ ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿಯಾಗಿ ಮುಚ್ಚಿಸಿ, ಸುಮಾರು 5 ಪಿಎಸ್‌ಐ ಗಾಳಿ ತುಂಬಿಸಿ. ಅದಕ್ಕಿಂತ ಬಹಳ ಹೆಚ್ಚು ಹಾಕಿದರೆ ಒಳ್ಳೆಯ ಸೀಲ್ ಕೂಡ ಕಿತ್ತುಬರಬಹುದು. ಒತ್ತಡ ಇಳಿದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಸಿಲಿಂಡರ್ ಬುಡ, ಡೈನಮೋ ಹಿಂದಿನ ಸೀಲ್, ಎಲ್ಲೆಡೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲೇಳುತ್ತದೆ ನೋಡಿ. ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಲಕ್ಷಣವೇ ಬೇರೆ: ಗೇರ್ ಆಯಿಲ್ ಒಳಗೆ ಎಳೆದುಕೊಂಡು ಹೊಗೆ ಉಗುಳುತ್ತದೆ, ಗೇರ್‌ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ.

ಬಿಸಿಯಾದ ಮೇಲೆ ಮಿಸ್ಸಿಂಗ್ ಬರುವುದು, ಇಗ್ನಿಷನ್ ಪಾಯಿಂಟ್ ನಡುವೆ ಜೋರು ಕಿಡಿ ಹಾರುವುದು ಕಂಡರೆ ಕಂಡೆನ್ಸರ್ ಬದಲಿಸಿ. ಸ್ವಲ್ಪ ದೂರ ಹೋಗಿ ನಿಂತ ಗಾಡಿ ಟ್ಯಾಂಕ್ ಮುಚ್ಚಳ ತೆರೆದೊಡನೆ ಚೇತರಿಸಿಕೊಂಡರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ನಿಮ್ಮ ವರ್ಣನೆಯಲ್ಲಿ ಇವೆರಡೂ ಇಲ್ಲ.

ಸೀಲ್‌ಗಳನ್ನು ಜೋಡಿಯಾಗಿಯೇ ಬದಲಿಸಿ. ಆಮೇಲೆ ಕಾರ್ಬುರೇಟರಿನಲ್ಲಿ ಈಗಾಗಲೇ ಯಾರಾದರೂ ದೊಡ್ಡ ಜೆಟ್ ಹಾಕಿದ್ದರೆ ಅದನ್ನು ತೆಗೆದು ಮೂಲ ಅಳತೆಯದನ್ನೇ ಹಾಕಿಸಿ. ಇಲ್ಲದಿದ್ದರೆ ಸೋರಿಕೆ ನಿಂತ ಮೇಲೆ ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಆಗ ಮತ್ತೆ ಕಾರ್ಬುರೇಟರನ್ನೇ ದೂರುತ್ತೀರಿ.