ಆ ಹಳೆಯ ಹೆಲ್ಮೆಟ್ ತರಬೇಡ

ತಮ್ಮಾ,

ಮುಂದಿನ ತಿಂಗಳು ಹೊರದೇಶದಲ್ಲಿ ಕಟ್ಟಡ ಕೆಲಸಕ್ಕೆ ಸೇರುತ್ತಿದ್ದೀಯ ಎಂದು ತಿಳಿದು ಸಂತೋಷವಾಯಿತು. ನೀನು ಕೇಳಿರುವುದರಲ್ಲಿ ಅರ್ಧ ಹೆಲ್ಮೆಟ್ ಬಗ್ಗೆಯೇ ಇದೆ: ಆರು ವರ್ಷದಿಂದ ಬಳಸುತ್ತಿರುವುದನ್ನು ಜೊತೆಯಲ್ಲೇ ತರಲೇ, ಯಾವ ಬಣ್ಣದ್ದು ಹಾಕಬೇಕು, ದಿನವಿಡೀ ಹಾಕಿಕೊಂಡರೆ ಕೂದಲು ಉದುರುತ್ತದೆಯೇ. ಬೇರೆ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಇದೊಂದೇ.

ತರಬೇಡ. ಒಂದೊಂದು ಕಡೆ ಒಂದೊಂದು ಮಾನದಂಡ ನಡೆಯುತ್ತದೆ. ಯುರೋಪಿನಲ್ಲಿ ಇಎನ್ 397, ಅಮೆರಿಕದಲ್ಲಿ ಆನ್ಸಿ ಝಡ್ 89.1. ಅಲ್ಲಿ ಒಪ್ಪುವ ಗುರುತು ಒಳಗೆ ಅಚ್ಚಾಗಿರದಿದ್ದರೆ ಗೇಟಿನಲ್ಲೇ ತೆಗೆಸುತ್ತಾರೆ. ಅಲ್ಲದೆ ಬ್ರಿಟನ್, ಅಮೆರಿಕ, ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಹೆಲ್ಮೆಟ್ ಅನ್ನು ನೌಕರನಿಗೆ ಉಚಿತವಾಗಿ ಕೊಡುವುದು ಕೆಲಸ ಕೊಟ್ಟವನ ಕಾನೂನುಬದ್ಧ ಹೊಣೆ. ಇನ್ನು ವಯಸ್ಸಿನ ಮಾತು. ನಿನ್ನದನ್ನು ತಿರುಗಿಸಿ ಒಳಗೆ ನೋಡು. ಗಡಿಯಾರದಂಥ ಒಂದು ಪುಟ್ಟ ವೃತ್ತ ಇರುತ್ತದೆ. ನಡುವೆ ವರ್ಷದ ಎರಡು ಅಂಕಿ, ಸುತ್ತ 1ರಿಂದ 12, ತಿಂಗಳನ್ನು ತೋರಿಸುವ ಬಾಣ. ಅದು ಹುಟ್ಟಿದ ದಿನಾಂಕ. ಹೊರಚಿಪ್ಪನ್ನು ಐದು ವರ್ಷಕ್ಕೆ, ಒಳಗಿನ ಪಟ್ಟಿಗಳನ್ನು ವರ್ಷಕ್ಕೊಮ್ಮೆ ಬದಲಿಸಿ ಎಂದು ಹೇಳುವ ತಯಾರಕರು ಬಹಳ. ಜೊತೆಗೆ ಬರುವ ಚೀಟಿಯಲ್ಲಿ ಏನಿದೆಯೋ ಅದೇ ಲೆಕ್ಕ. ಪ್ಲಾಸ್ಟಿಕ್ಕಿಗೆ ಬಿಸಿಲೇ ಶತ್ರು. ಬಣ್ಣ ಮಾಸಿ, ಮೇಲ್ಮೈ ಸುಣ್ಣ ಹಚ್ಚಿದಂತೆ ಪುಡಿಪುಡಿಯಾಗಿ ಕಂಡರೆ ಅದರ ಬಲ ಸತ್ತಿದೆ.

ಇದು ನನಗೆ ಗೊತ್ತಾದ ಬಗೆ ಸ್ವಲ್ಪ ಮುಜುಗರದ್ದು. ಸೇರಿದ ದಿನ ಉಗ್ರಾಣದವನು ಕೊಟ್ಟ ಹೆಲ್ಮೆಟ್ ಮೇಲೆ ಯಾರದೋ ಹೆಸರು ಬರೆದಿತ್ತು. ನಾನು ಥಿನ್ನರ್ ಹಚ್ಚಿ ಚೆನ್ನಾಗಿ ಉಜ್ಜಿ ಹೆಸರು ಅಳಿಸಿದೆ, ಹೊಸದರಂತೆ ಹೊಳೆಯಿತು. ಮರುದಿನ ಫೋರ್‌ಮನ್ ಹತ್ತಿರ ಬಂದು ಮೂಸಿದ. ಹೆಲ್ಮೆಟ್ ಕೈಗೆ ತೆಗೆದುಕೊಂಡು ಎರಡು ಬದಿಯಿಂದ ಒತ್ತಿದ. ಗಟ್ಟಿಮುಟ್ಟಾದ ಚಿಪ್ಪು ಸದ್ದಿಲ್ಲದೆ ಒಳಗೆ ಬಾಗಿ, ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬರಬೇಕು. ನನ್ನದು ಕರಕರ ಎಂದಿತು. ಒಂದು ಮಾತೂ ಆಡದೆ ಕಸದ ತೊಟ್ಟಿಗೆ ಎಸೆದ. ಅದರ ಬೆಲೆ ಸಂಬಳದಲ್ಲಿ ಮುರಿಯುತ್ತಾರೆಂದು ನನ್ನ ಜೀವ ಬಾಯಿಗೆ ಬಂದಿತ್ತು. ಮುರಿಯಲಿಲ್ಲ. ಮಧ್ಯಾಹ್ನದೊಳಗೆ ಬೇರೆಯದು ಕೈಗೆ ಬಂತು. ಥಿನ್ನರ್, ಪೆಟ್ರೋಲ್, ಸ್ಪ್ರೇ ಬಣ್ಣ ಯಾವುದೂ ಅದರ ಹತ್ತಿರ ಸುಳಿಯಕೂಡದು. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು ಸಾಕು. ಕಂಡಕಂಡಲ್ಲಿ ಸ್ಟಿಕರ್ ಅಂಟಿಸಬೇಡ, ಕೆಳಗಿನ ಬಿರುಕು ಕಾಣುವುದಿಲ್ಲ. ಗಾಳಿಗೆಂದು ನೀನೇ ತೂತು ಕೊರೆಯುವ ಜಾಣತನವಂತೂ ಬೇಡವೇ ಬೇಡ. ಕಾರಿನ ಗಾಜಿನ ಹಿಂದೆ ಬಿಸಿಲಿಗೆ ಬಿಟ್ಟುಹೋಗಬೇಡ.

ಅಷ್ಟು ಕಲಿತ ಮೇಲೂ ಎರಡನೆಯ ತಪ್ಪು ಮಾಡಿದೆ, ಅದು ಇನ್ನೂ ದೊಡ್ಡದು. ಒಮ್ಮೆ ಮೇಲಿನ ಸಾರುವೆಯಿಂದ ಕೊಳವೆ ಬಿಗಿಯುವ ಕ್ಲಾಂಪ್ ಒಂದು ನೇರ ತಲೆಯ ಮೇಲೆ ಬಿತ್ತು. ಕತ್ತು ಸ್ವಲ್ಪ ನೋಯಿತು, ಅಷ್ಟೇ. ಚಿಪ್ಪಿನಲ್ಲಿ ಒಂದು ಗೀರೂ ಇರಲಿಲ್ಲ. ಮತ್ತೆ ಹೋಗಿ ಹೊಸದು ಕೇಳಿದರೆ ‘ಇವನದೊಂದು ಗೋಳು’ ಎನ್ನುತ್ತಾರೇನೋ ಎಂಬ ಸಂಕೋಚದಲ್ಲಿ ನಾಲ್ಕು ದಿನ ಅದನ್ನೇ ಹಾಕಿಕೊಂಡು ತಿರುಗಿದೆ. ಹೆಲ್ಮೆಟ್ ಪೆಟ್ಟನ್ನು ತಡೆಯುವುದು ತಾನು ಬಾಗಿ, ಪಟ್ಟಿಗಳು ಹಿಗ್ಗಿ, ಆ ಹೊಡೆತವನ್ನು ತಾನೇ ಉಂಡು. ಒಂದು ಜೋರು ಹೊಡೆತ ಉಂಡದ್ದು ಇನ್ನೊಂದನ್ನು ಉಣ್ಣುತ್ತದೆಂಬ ಭರವಸೆ ಇಲ್ಲ, ಬಿರುಕು ಕಾಣಲಿ ಬಿಡಲಿ. ಇದನ್ನು ನಮ್ಮವರಿಗೆ ಎಷ್ಟು ಸಲ ಹೇಳಿದರೂ ಸಾಲದು. ಕೇಳಲು ನಾಚುವವರು ನಾವೇ. ಕೊಡುವವರಿಗೆ ಅದು ಒಂದು ಜೊತೆ ಕೈಗವಸು ಕೊಟ್ಟಷ್ಟೇ ಸಹಜ.

ಹಾಕಿಕೊಂಡೆನೆಂದು ಕ್ರೇನಿನ ಕೆಳಗೆ ನಿಲ್ಲುವ ಧೈರ್ಯವೂ ಬೇಡ. ಇಎನ್ 397 ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ನೆತ್ತಿಯ ಮೇಲೆ ಬಿಡುತ್ತಾರೆ. ಲೆಕ್ಕ ಹಾಕಿ ನೋಡು: ಅರ್ಧ ಕಿಲೋ ಸ್ಪ್ಯಾನರ್ 10 ಮೀಟರ್ ಮೇಲಿಂದ ಬಿದ್ದರೆ ಅಷ್ಟೇ ಶಕ್ತಿಯ ಹೊಡೆತ. ಮೂರನೆಯ ಮಹಡಿಯ ಎತ್ತರ ಅದು. ಮೇಲೆ ಏರುತ್ತಿರುವ ಕಟ್ಟಡಕ್ಕೆ ಇನ್ನೂ ಎಷ್ಟು ಮಹಡಿ ಇದೆ? ಈ ಪರೀಕ್ಷೆ ನೆತ್ತಿಯ ಪೆಟ್ಟಿಗೆ. ಬದಿಯ ಹೊಡೆತಕ್ಕೂ ಪರೀಕ್ಷಿಸಿದ್ದು ಬೇಕೆಂದರೆ ಅಮೆರಿಕದ ಗುರುತಿನಲ್ಲಿ ‘ಟೈಪ್ 2’ ಎಂದಿರುತ್ತದೆ.

ಚಿಪ್ಪು ಮತ್ತು ಪಟ್ಟಿಗಳ ನಡುವಿನ ಖಾಲಿ ಜಾಗವೇ ಪೆಟ್ಟು ತಗ್ಗುವ ಜಾಗ. ಅಲ್ಲಿ ಸಿಗರೇಟ್ ಪೊಟ್ಟಣ, ಕೈಗವಸು, ಮೊಬೈಲ್ ತುರುಕುವವರನ್ನು ನೋಡುತ್ತೀಯ. ಕಲಿಯಬೇಡ. ದಪ್ಪ ಟೋಪಿಯ ಮೇಲೆ ಹಾಕುವುದೂ, ಅಂದಕ್ಕೆಂದು ಹಿಂದುಮುಂದಾಗಿ ಹಾಕುವುದೂ ಅದೇ ಜಾತಿ. ಹಿಂದುಮುಂದಾಗಿ ಹಾಕಬಹುದಾದ ಮಾದರಿಗಳಿವೆ, ಅವುಗಳ ಒಳಗೆ ಎರಡು ಬಾಗಿದ ಬಾಣಗಳ ಗುರುತು ಇರುತ್ತದೆ.

ಗದ್ದದ ಪಟ್ಟಿಯ ವಿಷಯ ತಿಳಿದವರು ಕಡಿಮೆ. ಇಎನ್ 397ರ ಸಾಮಾನ್ಯ ಹೆಲ್ಮೆಟ್‌ನ ಪಟ್ಟಿ ಸುಮಾರು 15ರಿಂದ 25 ಕಿಲೋ ಭಾರ ಎಳೆದರೆ ತಾನಾಗಿಯೇ ಬಿಚ್ಚಿಕೊಳ್ಳಬೇಕು, ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯಬಾರದೆಂದು. ಎತ್ತರದಲ್ಲಿ ಹಗ್ಗ ಕಟ್ಟಿಕೊಂಡು ಮಾಡುವ ಕೆಲಸದಲ್ಲಿ ಬೀಳುವವನು ನೀನೇ, ಹೆಲ್ಮೆಟ್ ನಡುದಾರಿಯಲ್ಲಿ ಕಳಚಬಾರದು. ಪರ್ವತಾರೋಹಿಗಳ ಇಎನ್ 12492 ಪಟ್ಟಿ ಸುಲಭಕ್ಕೆ ಬಿಚ್ಚುವುದಿಲ್ಲ. ನಿನ್ನನ್ನು ಮೇಲಕ್ಕೆ ಹತ್ತಿಸುವ ಮೊದಲು ಯಾವುದು ಕೊಡುತ್ತಾರೆಂದು ಕೇಳು. ವಿದ್ಯುತ್ ತಂತಿಗಳ ಹತ್ತಿರವಾದರೆ ಗಾಳಿತೂತಿನದು ಬೇಡ.

ಬಣ್ಣಕ್ಕೆ ಜಗತ್ತಿಗೆಲ್ಲ ಒಂದೇ ನಿಯಮವಿಲ್ಲ, ಮೊದಲ ದಿನದ ತರಬೇತಿಯಲ್ಲಿ ಹೇಳುತ್ತಾರೆ. ಬಿಳಿಯದೆಲ್ಲ ಎಂಜಿನಿಯರುಗಳದ್ದೆಂದು ನಂಬಿ ನಾನು ಒಂದು ವಾರ ಲಾರಿ ಚಾಲಕರಿಗೆಲ್ಲ ನಮಸ್ಕಾರ ಮಾಡಿದ್ದೆ. ಹೊರಗಿನಿಂದ ಬರುವವರಿಗೆ ಅಲ್ಲಿ ಬಿಳಿ ಕೊಡುತ್ತಿದ್ದರು.

ಕೂದಲು? ನನ್ನದು ಉದುರಿದೆ. ಜನ್ಮದಲ್ಲಿ ಹೆಲ್ಮೆಟ್ ಮುಟ್ಟದ ನನ್ನ ದೊಡ್ಡಣ್ಣನದೂ ಉದುರಿದೆ. ಬೆವರುಪಟ್ಟಿಯನ್ನು ಆಗಾಗ ತೊಳೆದುಕೋ, ಇನ್ನೊಬ್ಬರದು ಹಾಕಬೇಡ, ಬಿರುಸಾದಾಗ ಬೇರೆ ಕೇಳಿ ಪಡೆ.

ಪೆಟ್ಟಿಗೆಯಲ್ಲಿ ಆ ಹಳೆಯ ಹೆಲ್ಮೆಟ್ ತಿನ್ನುವ ಜಾಗಕ್ಕೆ ಎಂಟು ಜೊತೆ ದಪ್ಪ ಕಾಲುಚೀಲ ಹಿಡಿಸುತ್ತವೆ. ಅವನ್ನು ಮಾತ್ರ ನೀನೇ ತರಬೇಕು.