'ಒಡ್ಡಿಕೊಳ್ಳು' ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಕಾಡಿಗೆ ಹೋಗಿದ್ದ ನಿಮ್ಮ ತಂದೆಯವರ ಮೈಗೆ ಉಣುಗು (ಉಣ್ಣೆ ಹುಳ) ಹತ್ತಿತ್ತು, ಈಗ ಜ್ವರ ಬಂದಿದೆ, ಇದನ್ನು ಹೊರರಾಜ್ಯದ ವೈದ್ಯರೊಬ್ಬರಿಗೆ ಇಂಗ್ಲಿಷಿನಲ್ಲಿ ಬರೆದು ತಿಳಿಸುವಾಗ 'ಎಕ್ಸ್‌ಪೋಸ್ಡ್' ಪದದ ಮುಂದೆ 'ಬೈ' ಬರಬೇಕೋ 'ವಿತ್' ಬರಬೇಕೋ ಎಂದು ಕೇಳಿದ್ದೀರಿ. ಎರಡೂ ಅಲ್ಲ, 'ಟು' ಬರಬೇಕು. ನಾವು 'ಬಿಸಿಲಿಗೆ', 'ಹೊಗೆಗೆ', 'ಚಳಿಗೆ' ಎಂದು 'ಗೆ' ಹಚ್ಚುವ ಜಾಗದಲ್ಲಿಯೇ ಇಂಗ್ಲಿಷಿನವರು 'ಟು' ಇಡುತ್ತಾರೆ. ಅದರ ಮುಂದೆ ನಾಮಪದವೋ 'ಇಂಗ್' ಕೊನೆಯ ರೂಪವೋ ಬರುತ್ತದೆಯೇ ಹೊರತು ಬರಿಯ ಕ್ರಿಯಾಪದ ಬರುವುದಿಲ್ಲ. 'ಎಕ್ಸ್‌ಪೋಸ್ಡ್ ಬೈ' ಎಂದು ಬರೆದರೆ ಯಾರೋ ಗುಟ್ಟನ್ನು ಬಯಲಿಗೆಳೆದರು ಎಂಬ ಅರ್ಥ ಬಂದೀತು.

ಆದರೆ ಯಾವ ಪದ ಎಂಬ ಪ್ರಶ್ನೆ 'ಟು'ವಿಗಿಂತ ದೊಡ್ಡದು. ಈ ಪದದ ಲ್ಯಾಟಿನ್ ಮೂಲಕ್ಕೆ 'ಹೊರಗೆ ಇಡು' ಎಂದು ಅರ್ಥ. ಮಳೆಗಾಲಕ್ಕೆ ಮೊದಲು ನಮ್ಮ ತೋಟಗಳಲ್ಲಿ ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಾರಲ್ಲ, ಕಟ್ಟದೆ ಬಿಟ್ಟ ಕೊನೆ ಮಳೆಗೆ 'ಎಕ್ಸ್‌ಪೋಸ್ಡ್' ಆಗಿರುತ್ತದೆ. ಕೊಳೆರೋಗ ಬಂತೋ ಇಲ್ಲವೋ ಎಂಬುದನ್ನು ಆ ಪದ ಹೇಳುವುದೇ ಇಲ್ಲ. ಮರೆ ಇರಲಿಲ್ಲ, ಮಳೆ ಬಿತ್ತು, ಇಷ್ಟೇ ಅದರ ಮಾತು. ಕನ್ನಡದ 'ತುತ್ತಾಗು', 'ಈಡಾಗು', 'ಬಲಿಯಾಗು' ಎಂಬ ಮಾತುಗಳಾದರೋ ಕೆಡುಕು ಆಗಿಯೇ ಹೋಯಿತು ಎನ್ನುತ್ತವೆ. ಅವುಗಳಿಗೆ ಸಮನಾಗಿ 'ಎಕ್ಸ್‌ಪೋಸ್ಡ್' ಬಳಸಿದರೆ ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ, 'ಎಕ್ಸ್‌ಪೋಸ್ಡ್' ಬೇಕಾದ ಕಡೆ ಅವುಗಳ ಅರ್ಥದ ಪದವನ್ನು ಹಾಕಿದರೆ ಇಲ್ಲದ ರೋಗ ಅಂಟಿಕೊಳ್ಳುತ್ತದೆ.

ಇದು ನನಗೆ ಅನುಭವದಿಂದ ಗೊತ್ತಾದ ಸಂಗತಿ. ಹೊರಊರಿನಲ್ಲಿ ಓದುತ್ತಿದ್ದ ನನ್ನ ತಂಗಿಯ ಮಗ ರಜೆಗೆ ತೀರ್ಥಹಳ್ಳಿಯ ಕಡೆಯ ನಮ್ಮ ಮನೆಗೆ ಬಂದಿದ್ದಾಗ, ಹತ್ತಿರದ ಕಾಡಿನಲ್ಲಿ ಮಂಗ ಸತ್ತು ಬಿದ್ದಿತ್ತು. ಉಣುಗಿನಿಂದ ಹರಡುವ ಮಂಗನ ಕಾಯಿಲೆ (ಇಂಗ್ಲಿಷಿನಲ್ಲಿ 'ಮಂಕಿ ಫೀವರ್') ಇರಬಹುದೆಂಬ ಭಯ ನಮಗೆ. ಅವನೂ ಆ ದಾರಿಯಲ್ಲಿ ಓಡಾಡಿದ್ದರಿಂದ ನಾಲ್ಕು ದಿನ ನೋಡಿಕೊಂಡು ಕಳಿಸೋಣವೆಂದು ಉಳಿಸಿಕೊಂಡೆವು. ತಡವಾದದ್ದಕ್ಕೆ ಅವನ ಹಾಸ್ಟೆಲಿಗೆ ಪತ್ರ ಬರೆದವನು ನಾನೇ. ಅದರಲ್ಲಿ 'ಎಕ್ಸ್‌ಪೋಸ್ಡ್' ಎನ್ನುವ ಬದಲು 'ಅಫೆಕ್ಟೆಡ್ ಬೈ ಮಂಕಿ ಫೀವರ್' ಎಂದು ಬರೆದುಬಿಟ್ಟೆ. ಜ್ವರವೇ ಬಾರದಿದ್ದ ಹುಡುಗನನ್ನು ಅವರು ಎರಡು ವಾರ ಒಳಗೆ ಸೇರಿಸಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಆ ಊರಿನ ಹೆಸರನ್ನೇ ಹೊತ್ತ ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂಬುದು ಮಲೆನಾಡಿನವರಿಗೆ ತಿಳಿದಿದ್ದರೂ ದೂರದವರಿಗೆ ತಿಳಿದಿರಬೇಕೆಂದಿಲ್ಲ. ನಾನು ಹಾಕಿದ ಒಂದು ಪದದಿಂದ ಅವನ ಪಾಠಗಳು ತಪ್ಪಿದವು, ಆ ನೋವು ನನಗೆ ಇನ್ನೂ ಇದೆ.

ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. 'ಒಡ್ಡಿಕೊಂಡರು' ಎಂಬಲ್ಲಿರುವ 'ಕೊಳ್ಳು' ನಮ್ಮನ್ನು 'ಎಕ್ಸ್‌ಪೋಸ್ಡ್ ಹಿಮ್‌ಸೆಲ್ಫ್' ಎಂದು ಬರೆಯುವಂತೆ ಎಳೆಯುತ್ತದೆ. ಹಾಗೆ ಬರೆದರೆ ತಾವಾಗಿಯೇ ಹೋಗಿ ಮೈಯೊಡ್ಡಿದರು ಎಂದಾಗುತ್ತದೆ, ಮುಂದಿನ 'ಟು' ಬಿಟ್ಟುಹೋದರಂತೂ ಸಭ್ಯರು ಆಡಬಾರದ ಅರ್ಥ ಬರುತ್ತದೆ. 'ವಾಸ್ ಎಕ್ಸ್‌ಪೋಸ್ಡ್ ಟು' ಎಂಬ ಕರ್ಮಣಿ ರೂಪವೇ ಕ್ಷೇಮ. 'ತಪಾಸಣೆಗೆ ಒಳಪಡಿಸಿದರು' ಎಂಬಂತೆ ಇನ್ನೊಬ್ಬರು ಬೇಕೆಂದೇ ಮಾಡಿದ್ದಕ್ಕೆ 'ಸಬ್ಜೆಕ್ಟೆಡ್ ಟು' ಸರಿಹೊಂದುತ್ತದೆ. ಕೆಡುಕಿಲ್ಲದ ಸಂಗತಿಗೂ 'ಎಕ್ಸ್‌ಪೋಸ್ಡ್' ಸಲ್ಲುತ್ತದೆ: ಮಗುವಿನ ಕಿವಿಗೆ ಮನೆಯಲ್ಲಿ ತುಳುವೂ ಕೊಂಕಣಿಯೂ ಬೀಳುತ್ತಿದ್ದರೆ ಅದು ಆ ಭಾಷೆಗಳಿಗೆ 'ಎಕ್ಸ್‌ಪೋಸ್ಡ್' ಆಗಿದೆ ಎನ್ನಬಹುದು. 'ಕಿವಿಗೆ ಬೀಳು' ಎಂಬ ನಮ್ಮ ಮಾತು ಅಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಇನ್ನು ನಿಮ್ಮ ಪತ್ರ. ಉಣುಗು ತಂದೆಯವರ ಚರ್ಮಕ್ಕೆ ಕಚ್ಚಿಕೊಂಡಿದ್ದನ್ನು ನೀವು ಕಣ್ಣಾರೆ ಕಂಡಿದ್ದರೆ 'ಎಕ್ಸ್‌ಪೋಸ್ಡ್' ಸಾಲದು, 'ವಾಸ್ ಬಿಟನ್ ಬೈ ಟಿಕ್ಸ್' ಎಂದೇ ಬರೆಯಿರಿ. ನೀವು ಕೇಳಿದ 'ಬೈ' ಸೇರಬೇಕಾದ ಜಾಗ ಅದು. ಕಚ್ಚಿದ್ದು ಖಚಿತವಿಲ್ಲದಿದ್ದರೆ ಮಾತ್ರ 'ವಾಸ್ ಎಕ್ಸ್‌ಪೋಸ್ಡ್ ಟು ಟಿಕ್ಸ್' ಎನ್ನಿ. ಜ್ವರವನ್ನು ಅದೇ ವಾಕ್ಯದಲ್ಲಿ ತುರುಕದೆ, 'ಹಿ ಡೆವಲಪ್ಡ್ ಫೀವರ್ ಆನ್' ಎಂದು ತೊಡಗಿ ತಾರೀಕು ಹಾಕಿ ಬೇರೆ ವಾಕ್ಯ ಮಾಡಿ. ಕಾಡಿಗೆ ಹೋದ ತಾರೀಕನ್ನೂ ಬಿಡಬೇಡಿ, ಏಕೆಂದರೆ ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಕಾಣಿಸಿಕೊಳ್ಳುವುದರಿಂದ ವೈದ್ಯರು ಮೊದಲು ಲೆಕ್ಕ ಹಾಕುವುದು ಆ ಎರಡು ತಾರೀಕುಗಳ ನಡುವಿನ ದಿನಗಳನ್ನೇ. ಉತ್ತರಕ್ಕೆ ಕಾಯುತ್ತಾ ಕೂರದೆ ಇವತ್ತೇ ಅವರನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕರೆದುಕೊಂಡು ಹೋಗಿ. ಅಲ್ಲಿ ಕನ್ನಡದಲ್ಲಿಯೇ ಹೇಳಿದರೆ ಸಾಕು.